ದೊರೆಯೋ ಸಂತೆಯೋ

ಜೂನ್ ೨, ಸೋಮವಾರ

ಈ ಬೀದಿಯಲ್ಲಿ ಯಂತ್ರದ ಗುಣವನ್ನು ಮುಟ್ಟಿ ಹೇಳುವವನು ನಾನೊಬ್ಬನೇ. ಇದು ನನ್ನ ಮಾತಲ್ಲ, ಜನ ಹೇಳುವುದು. ಜನ ಹೇಳದಿದ್ದಾಗ ಮಾತ್ರ ನಾನು ಹೇಳುತ್ತೇನೆ. ಹೊಲಿಗೆ ಯಂತ್ರದ ಗಾಲಿಯನ್ನು ಒಂದು ಸುತ್ತು ತಿರುಗಿಸಿದರೆ ಸಾಕು, ಅದರ ಹೊಟ್ಟೆನೋವು ಎಲ್ಲಿ ಎಂದು ನನಗೆ ಗೊತ್ತಾಗುತ್ತದೆ. ಹೀಗಿರುವಾಗ ಅಕ್ಕನ ಮಗಳು ಎರಡು ಫೋನು ತಂದು, ಅಕ್ಕ ಹೊಲಿಯುವ, ನಾನು ಯಂತ್ರ ರಿಪೇರಿ ಮಾಡುವ ನಮ್ಮ ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟು, "ಮಾವ, ಇವೆರಡರಲ್ಲಿ ಒಂದು ಆರಿಸ್ಬೇಕು, ನನಗೆ ತಲೆ ಓಡ್ತಿಲ್ಲ" ಅಂದಾಗ ನಗು ಬಂತು.

"ಇಷ್ಟೇನಾ? ಟೀ ಆರೋದ್ರೊಳಗೆ ಹೇಳ್ತೀನಿ."

"ಟೀ ಆರಿದ್ರೂ ಪರವಾಗಿಲ್ಲ ಮಾವ. ತಪ್ಪಾಗಬಾರದು."

ವಿಷಯ ಇಷ್ಟು. ಹತ್ತೊಂಬತ್ತನೇ ತಾರೀಖು ಅಕ್ಕನ ಗಂಟಲಿನಿಂದ ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಅಲ್ಲಿರುವ ಗಂಟು ಕೆಟ್ಟದ್ದಂತೆ. ಜೀವ ಉಳಿಯುತ್ತದೆ, ಮಾತು ಹೋಗುತ್ತದೆ. ಅಷ್ಟರೊಳಗೆ ಅವಳ ಧ್ವನಿಯನ್ನು ಫೋನಿಗೆ ಕಲಿಸಿಟ್ಟರೆ, ಮುಂದೆ ಅವಳು ಟೈಪು ಮಾಡಿದ್ದನ್ನು ಅದು ಅವಳದೇ ಧ್ವನಿಯಲ್ಲಿ ಹೇಳುತ್ತದೆ ಎಂದು ಆಸ್ಪತ್ರೆಯ ಮಾತಿನ ಡಾಕ್ಟರಮ್ಮ ಹೇಳಿದ್ದಾರೆ. ಈಗಲೇ ಧ್ವನಿ ಸ್ವಲ್ಪ ಒಡೆದಿದೆ. ಆದರೂ ಅವಳದೇ.

ಇರಲಿ. ನಮ್ಮ ವಿಷಯ ಫೋನು. ಫೋನ್ ಅಂಗಡಿಯ ಯಜಮಾನನ ಹೆಂಡತಿಯ ಹೊಲಿಗೆ ಯಂತ್ರಕ್ಕೆ ನಾನು ಎರಡು ಸಲ ಜೀವ ಕೊಟ್ಟವನು. ಅದಕ್ಕೇ ಅವನು ಎರಡನ್ನೂ ನೋಡಿ ಹೇಳಿ ಎಂದು ಕಳಿಸಿದ್ದಾನೆ. ನಾಳೆಯೊಳಗೆ ತೀರ್ಪು.

ಜೂನ್ ೪, ಬುಧವಾರ

ತೀರ್ಪು ಆಗಲಿಲ್ಲ.

ಮೊದಲನೆಯದು ಬಿಳಿ, ತಣ್ಣಗೆ, ಕೈಯಲ್ಲಿಟ್ಟರೆ ತೂಕದ ಮನುಷ್ಯ ಅನ್ನಿಸುತ್ತದೆ. ಮೈಮೇಲೆ ಗೆರೆಯಿಲ್ಲ, ಸಂದಿಯಿಲ್ಲ. ತಳದಲ್ಲಿ ಮಾತ್ರ ಸಾಸಿವೆಗಿಂತ ಸಣ್ಣ ಎರಡು ತಿರುಪು. ನನ್ನ ಪೆಟ್ಟಿಗೆಯ ಯಾವ ಸ್ಕ್ರೂಡ್ರೈವರೂ ಅದಕ್ಕೆ ಕೂರಲಿಲ್ಲ. ಒಳಗೂ ಅದೇ ಕಥೆ. ಏನು ಕೇಳಿದರೂ "ಇದನ್ನು ಇಲ್ಲಿ ಮಾಡಲಾಗದು" ಎನ್ನುತ್ತದೆ. ತನ್ನ ಅಂಗಡಿಯಿಂದ ಬಂದ ಪ್ರೋಗ್ರಾಮನ್ನು ಮಾತ್ರ ಒಳಗೆ ಬಿಡುತ್ತದಂತೆ. ಇದಕ್ಕೆ ದೊರೆ ಎಂದು ಹೆಸರಿಟ್ಟೆ.

ಎರಡನೆಯದು ಕಪ್ಪು, ಪ್ಲಾಸ್ಟಿಕ್ಕು, ಬೆನ್ನಿಗೆ ಉಗುರು ಹಾಕಿದರೆ ಮುಚ್ಚಳ ಚಟಕ್ಕನೆ ಬರುತ್ತದೆ. ಬ್ಯಾಟರಿ ಕೈಗೇ ಸಿಗುತ್ತದೆ. ಒಳಗೆ ಯಾರು ಬೇಕಾದರೂ ಬರೆದ ಪ್ರೋಗ್ರಾಮು ಹಾಕಬಹುದು, ತೆಗೆಯಬಹುದು. ಆದರೆ ಹೆಜ್ಜೆಹೆಜ್ಜೆಗೂ ಇದಕ್ಕೆ ಒಪ್ಪಿಗೆಯೋ, ಅದಕ್ಕೆ ಒಪ್ಪಿಗೆಯೋ ಎಂದು ಕೇಳುತ್ತದೆ. ಎಲ್ಲದಕ್ಕೂ ಒಪ್ಪಿದೆ. ಆಮೇಲೆ ಅಕ್ಷರಗಳೆಲ್ಲ ಬಲದಿಂದ ಎಡಕ್ಕೆ ಹೋದವು. ಇದಕ್ಕೆ ಸಂತೆ ಎಂದು ಹೆಸರಿಟ್ಟೆ.

ಫೋನ್ ಅಂಗಡಿಯವನನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ.

"ಕ್ಯಾಮೆರಾ, ಮೈಕು, ಸ್ಪೀಕರು, ಎಲ್ಲಾದ್ರಲ್ಲೂ ಬಿಳೀದೇ ಮೇಲು. ಆದ್ರೆ ಸ್ವಾತಂತ್ರ್ಯ ಬೇಕು ಅಂದ್ರೆ ಕಪ್ಪು."

"ಸ್ವಾತಂತ್ರ್ಯ ತಗೊಂಡು ಏನಯ್ಯಾ ಮಾಡ್ಲಿ? ನನಗೆ ಬೇಕಾಗಿರೋದು ಮೈಕು."

"ಹಾಗಾದ್ರೆ ಬಿಳೀದು ತಗೊಳ್ಳಿ."

"ಮುಂದೆ ಅದು ಯಾವುದಕ್ಕೋ ಆಗಲ್ಲ ಅಂದ್ರೆ?"

"ಹಾಗಾದ್ರೆ ಕಪ್ಪು."

ಇವನು ಅಂಗಡಿ ಹೇಗೆ ನಡೆಸುತ್ತಾನೋ. ನನಗೂ ಸ್ವಲ್ಪ ಗೊಂದಲವಾಗಿದೆ. ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ.

ಜೂನ್ ೭, ಶನಿವಾರ

ದೊರೆಯ ಮುಂದೆ ಅಕ್ಕನನ್ನು ಓದಿಸಿದೆವು. ಅದು ಪರದೆಯ ಮೇಲೆ ಒಂದೊಂದೇ ವಾಕ್ಯ ತೋರಿಸುತ್ತದೆ. ಗದ್ದಲವಿಲ್ಲದ ಕಡೆ ಕುಳಿತು ಓದಬೇಕು. ಹೊಲಿಗೆ ನಿಲ್ಲಿಸಿ, ಇಸ್ತ್ರಿಪೆಟ್ಟಿಗೆಯ ವೈರು ಕಿತ್ತು, ಬೀದಿ ಬಾಗಿಲು ಹಾಕಿಕೊಂಡೆವು.

ಅಕ್ಕ ಏನು ಮಾಡಿದಳು? ಎದ್ದು ನಿಂತಳು. ಸೆರಗು ಸರಿಮಾಡಿಕೊಂಡು, ಫೋನನ್ನು ಎದೆಯ ಮಟ್ಟಕ್ಕೆ ಹಿಡಿದು, ಗದ್ದ ಎತ್ತಿ, ಪ್ರತಿ ವಾಕ್ಯದ ಕೊನೆಯನ್ನು ಎಳೆದು ಎಳೆದು ಓದಿದಳು. ನಮ್ಮ ಶಾಲೆಯಲ್ಲಿ ನಾಲ್ಕು ತರಗತಿಗೂ ಒಂದೇ ಕೋಣೆ. ಪಕ್ಕದ ತರಗತಿಯವರ ಗಲಾಟೆಯನ್ನು ಮೀರಿ ಕೇಳಿಸಬೇಕೆಂದರೆ ಹಾಗೇ ಓದಬೇಕು, ಇಲ್ಲದಿದ್ದರೆ ಮೇಷ್ಟ್ರು ಕೂರಲು ಬಿಡುತ್ತಿರಲಿಲ್ಲ. ಎಂಥ ಸ್ಪಷ್ಟ ಓದು! ನಾನು ಮಧ್ಯೆ ಮಧ್ಯೆ ಭೇಷ್ ಎಂದೆ. ಆಗೆಲ್ಲ ದೊರೆ "ಮತ್ತೊಮ್ಮೆ ಓದಿ" ಎಂದಿತು. ಅದಕ್ಕೂ ಇಷ್ಟವಾಗಿರಬೇಕು.

ಕೆಲಸ ಮುಗಿಯಿತು. ದೊರೆಯೇ ಗೆದ್ದ.

ಜೂನ್ ೮, ಭಾನುವಾರ

ಗೆಲ್ಲಲಿಲ್ಲ.

ದೊರೆ ರಾತ್ರಿಯೆಲ್ಲ ಚಾರ್ಜಿನಲ್ಲಿದ್ದು ಧ್ವನಿ ತಯಾರು ಮಾಡಿತ್ತು. ಅಕ್ಕನ ಮಗಳು "ಊಟ ಮಾಡಿದ್ಯಾ?" ಎಂದು ಟೈಪು ಮಾಡಿ ಒತ್ತಿದಳು. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ಕೈಕಟ್ಟಿ ನಿಂತು ಪಾಠ ಒಪ್ಪಿಸಿದ ಹಾಗೆ ಬಂತು, "ಊಟ ಮಾಡಿದ್ಯಾಆಆ."

ಮೂವರೂ ನಕ್ಕೆವು. ಅಕ್ಕನೇ ಹೆಚ್ಚು ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು. ಆಮೇಲೆ ಮಗಳು, "ಅಮ್ಮ, ನೀನು ಯಾವತ್ತಾದ್ರೂ ಹೀಗೆ ಮಾತಾಡಿದ್ದೀಯಾ?" ಎಂದು ಕೇಳಿದಳು. ಅಕ್ಕ ಬಾಬಿನ್ನಿಗೆ ದಾರ ಸುತ್ತುತ್ತಾ ಕುಳಿತಳು. ತುಂಬಿದ ಮೇಲೂ ಸುತ್ತುತ್ತಿದ್ದಳು.

ಓದನ್ನು ಹೊಗಳಿದವನು ನಾನೇ ಎಂಬ ಮಾತನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಜೂನ್ ೧೦, ಮಂಗಳವಾರ

ಮತ್ತೆ ದೊರೆ. "ಮಾತಾಡೋ ಹಾಗೆ ಓದು" ಎಂದು ಮಗಳ ಅಪ್ಪಣೆ. ಪರದೆಯ ಮೇಲೆ ವಾಕ್ಯ ಬಂತು: ನಾಳೆಯ ರೈಲು ಎಷ್ಟು ಗಂಟೆಗೆ ಹೊರಡುತ್ತದೆ?

"ಯಾವ ರೈಲು? ನಾನೆಲ್ಲಿಗೆ ಹೋಗ್ತಿದ್ದೀನಿ?" ಎಂದಳು ಅಕ್ಕ.

ಮತ್ತೊಮ್ಮೆ ಓದಿ, ಎಂದಿತು ದೊರೆ.

"ಅಮ್ಮ, ಸುಮ್ನೆ ಇದ್ದದ್ದು ಇದ್ದ ಹಾಗೆ ಓದು."

"ಹೋಗದೇ ಇರೋ ರೈಲಿನ ಟೈಮು ಕೇಳೋದು ಹೇಗೇ? ಕೇಳೋಕೆ ಒಂದು ಕಾರಣ ಬೇಡ್ವಾ?"

ಮತ್ತೊಮ್ಮೆ ಓದಿ.

ಕೊನೆಗೆ ಅಕ್ಕ ಮತ್ತೆ ಎದ್ದು ನಿಂತು, ಗದ್ದ ಎತ್ತಿ, ರೈಲನ್ನು ಎಳೆದಳು. ಕೈಯಲ್ಲಿ ಅಕ್ಷರ ಹಿಡಿದರೆ ಅವಳಿಗೆ ಬೇರೆ ಧ್ವನಿ ಬರುವುದೇ ಇಲ್ಲ. ನನಗೂ ಅಷ್ಟೆ. ನಾವು ಕಲಿತದ್ದು ಹಾಗೆ.

ದೊರೆ ತಾನು ಕೊಟ್ಟ ವಾಕ್ಯ ಬಿಟ್ಟು ಬೇರೆ ಏನನ್ನೂ ಧ್ವನಿಗೆ ತೆಗೆದುಕೊಳ್ಳುವುದಿಲ್ಲ. ಸಂತೆಗೆ ಅಕ್ಕನ ಮಗಳು ಒಂದು ಪ್ರೋಗ್ರಾಮು ಹುಡುಕಿದ್ದಾಳೆ. ಯಾರೋ ಪುಣ್ಯಾತ್ಮರು ಬರೆದು ಸುಮ್ಮನೆ ಹಂಚಿದ್ದಂತೆ. ಅದಕ್ಕೆ ಏನು ಮಾತಾಡಿದರೂ ಆಗುತ್ತದೆ, ಆದರೆ ಬಹಳ ಹೊತ್ತಿನ ಮಾತು ಬೇಕು. ಸಂತೆಯ ಮೈಕಿನಲ್ಲಿ ಮಾತ್ರ ಗುಂಯ್ ಎಂಬ ಸದ್ದು. ಆ ಸದ್ದಿಗೆ ನನ್ನ ಹತ್ತಿರ ಮದ್ದಿದೆ.

ಜೂನ್ ೧೧, ಬುಧವಾರ

ಇವತ್ತು ಏನೂ ಬರೆಯುವುದಿಲ್ಲ.

ಜೂನ್ ೧೨, ಗುರುವಾರ

ಸರಿ, ಬರೆಯುತ್ತೇನೆ. ಗುಂಯ್ ಎನ್ನುವ ಯಾವ ಯಂತ್ರಕ್ಕೂ ಒಂದು ಹನಿ ಎಣ್ಣೆ ಬಿಟ್ಟರೆ ಸುಮ್ಮನಾಗುತ್ತದೆ, ಇದು ನನ್ನ ಇಡೀ ಆಯಸ್ಸಿನ ಅನುಭವ. ಸಂತೆಯ ಮೈಕಿನ ತೂತಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಒಂದು ಹನಿ ಬಿಟ್ಟೆ. ಸುಮ್ಮನಾಯಿತು. ಪೂರ್ತಿ ಸುಮ್ಮನಾಯಿತು. ಗುಂಯ್ ಇಲ್ಲ, ಅಕ್ಕನ ಮಾತೂ ಇಲ್ಲ.

"ಎಣ್ಣೆ!" ಎಂದಳು ಅಕ್ಕನ ಮಗಳು. ಫೋನನ್ನು ಎತ್ತಿಕೊಂಡು ಬಟ್ಟೆ ತುಂಡಿನಿಂದ ಒರೆಸತೊಡಗಿದಳು. ಬೈದಿದ್ದರೆ ತಡೆಯಬಹುದಿತ್ತು.

ಫೋನ್ ಅಂಗಡಿಯವನು ಮುಚ್ಚಳ ತೆಗೆದು, ಒಡೆದುಹೋದ ಬೇರೆ ಯಾವುದೋ ಫೋನಿನ ಮೈಕು ಕಿತ್ತು ಸಂತೆಗೆ ಕೂರಿಸಿದ. ಅದು ಜಾತಿ ಕುಲ ಕೇಳದೆ ಒಪ್ಪಿಕೊಂಡಿತು. ಹೊಸ ಮೈಕಿನಲ್ಲಿ ಸದ್ದೂ ಕಡಿಮೆ.

"ಬಿಳೀದಕ್ಕೆ ಹೀಗೆ ಮಾಡಿದ್ರೆ?" ಎಂದೆ.

"ಒಪ್ತಿರಲಿಲ್ಲ. ಬೇರೆ ಮೈಕು ಹಾಕಿದ್ರೆ ಇದು ನನ್ನದಲ್ಲ ಅಂತಿತ್ತು."

"ಅಂದ್ರೆ ಕಪ್ಪೇ ಮೇಲು ಅನ್ನು."

"ಬಿಳೀದ್ರಲ್ಲಿ ಗುಂಯ್ ಅನ್ನೋದೇ ಇರಲಿಲ್ಲವಲ್ಲ ಸ್ವಾಮಿ, ನೀವು ಎಣ್ಣೆ ಬಿಡೋದಕ್ಕೆ."

ತಲೆ ಗಿರ್ ಎಂದಿತು. ಮುಚ್ಚಿದ ಬಾಗಿಲಿದ್ದರೆ ನನ್ನಂಥವನು ಒಳಗೆ ಬಂದು ಹಾಳು ಮಾಡುವುದಿಲ್ಲ. ತೆರೆದ ಬಾಗಿಲಿದ್ದರೆ ಹಾಳಾದದ್ದನ್ನು ಸರಿ ಮಾಡುವವನೂ ಒಳಗೆ ಬರಬಹುದು. ಹಾಗಾದರೆ ಬಾಗಿಲನ್ನು ಏನು ಮಾಡಬೇಕು?

ಜೂನ್ ೧೪, ಶನಿವಾರ

ನನ್ನ ತಲೆಗೆ ನಾನೇ ಕೈಮುಗಿಯಬೇಕು. ಅಕ್ಕನ ನಿಜವಾದ ಧ್ವನಿ ಬರುವುದು ಯಾವಾಗ? ನನ್ನನ್ನು ಬೈಯುವಾಗ. ಇಷ್ಟು ಸುಲಭದ ವಿಷಯ ಯಾರಿಗೂ ಹೊಳೆದಿರಲಿಲ್ಲ.

ಸಂತೆಯನ್ನು ದಾರದ ರೀಲುಗಳ ಮಧ್ಯೆ ನಿಲ್ಲಿಸಿ, ಕೆಂಪು ಚುಕ್ಕೆ ಒತ್ತಿ, ಕೆಲಸ ಶುರು ಮಾಡಿದೆ. ಮೊದಲು ಅವಳ ಕನ್ನಡಕವನ್ನು ಬಟ್ಟೆ ತುಂಡುಗಳ ಚೀಲದಲ್ಲಿ ಬಚ್ಚಿಟ್ಟೆ. ಆಮೇಲೆ ಅವಳ ದೊಡ್ಡ ಕತ್ತರಿಯಲ್ಲಿ ರಟ್ಟು ಕತ್ತರಿಸಿದೆ.

"ಲೋ ಲೋ ಲೋ! ಬಟ್ಟೆ ಕತ್ತರಿ ಕಣೋ ಅದು! ಮೂಳೆ ಕೊಟ್ರೆ ಅದ್ರಲ್ಲೇ ಕತ್ತರಿಸ್ತೀಯ ನೀನು! ಕೈ ಸುಮ್ನಿದ್ರೆ ಬಾಯಿ, ಬಾಯಿ ಸುಮ್ನಿದ್ರೆ ಕೈ, ಎರಡೂ ಒಟ್ಟಿಗೆ ಸುಮ್ನಿರೋ ದಿನ ನಾನು ಹೊಸ ಸೀರೆ ಉಡ್ತೀನಿ!"

ಆಹಾ, ಏನು ಏರಿಳಿತ! ಏನು ಓಟ! ಮಧ್ಯಾಹ್ನದವರೆಗೂ ಬೈಸಿಕೊಂಡೆ. ಮೈಯೆಲ್ಲ ಹಗುರವಾಯಿತು.

ಜೂನ್ ೧೫, ಭಾನುವಾರ

ಅಕ್ಕನ ಮಗಳು ಇಯರ್‌ಫೋನನ್ನು ಕಿವಿಗೆ ಹಾಕಿಕೊಂಡು ಎಲ್ಲವನ್ನೂ ಕೇಳಿದಳು. ಕಿವಿಯಿಂದ ತೆಗೆದು ನನ್ನ ಮುಖ ನೋಡಿದಳು.

"ಮಾವ, ಇದ್ರಲ್ಲಿ ಅಮ್ಮನಿಗಿಂತ ನೀನೇ ಜಾಸ್ತಿ ಇದ್ದೀಯ."

"ನಾನೆಲ್ಲಿದ್ದೀನಿ? ಅವಳು ಬೈದಿದ್ದು."

ಅವಳು ನನ್ನ ಕಿವಿಗೆ ಹಾಕಿದಳು. ಅಕ್ಕ ಒಂದು ಮಾತು ಶುರು ಮಾಡುತ್ತಾಳೆ, ಅರ್ಧಕ್ಕೆ ನಾನು ಹಾರುತ್ತೇನೆ. ಅವಳು ಮತ್ತೆ ಶುರು ಮಾಡುತ್ತಾಳೆ, ನಾನು ನಗುತ್ತೇನೆ, ಕೆಮ್ಮುತ್ತೇನೆ, ಆ ಕತ್ತರಿಯನ್ನು ಸಾಣೆ ಹಿಡಿದವನೇ ನಾನು ಎನ್ನುತ್ತೇನೆ. ಅವಳದೇ ಎನ್ನುವ ಒಂದು ಪೂರ್ತಿ ವಾಕ್ಯ ಹುಡುಕಿದರೂ ಸಿಗುವುದು ಕಷ್ಟ. ಹೀಗೆ ಕಲಿಸಿದರೆ ಫೋನು ಅರ್ಧ ಅಕ್ಕ, ಅರ್ಧ ನಾನು ಆಗುತ್ತದಂತೆ.

ಈ ಸಂತೆ ಎಲ್ಲವನ್ನೂ ತೆಗೆದುಕೊಳ್ಳುತ್ತದೆ. ಆರಿಸಿ ತೆಗೆದುಕೊಳ್ಳಬಾರದೇ? ದೊರೆಯಾಗಿದ್ದರೆ ನನ್ನನ್ನು ಹೊರಗೇ ನಿಲ್ಲಿಸುತ್ತಿದ್ದ.

ನನ್ನ ಧ್ವನಿ ಇಷ್ಟು ಗಟ್ಟಿಯೆಂದು ತಿಳಿದಿರಲಿಲ್ಲ.

ಜೂನ್ ೧೬, ಸೋಮವಾರ

ನಾಳೆ ಸಂಜೆ ಅಕ್ಕ ಆಸ್ಪತ್ರೆಗೆ ಸೇರಬೇಕು. ಉಳಿದಿರುವುದು ಇವತ್ತು ಮತ್ತು ನಾಳೆ ಬೆಳಗ್ಗೆ.

"ನೀನು ಅಂಗಡಿಗೆ ಬರಬೇಡ ಮಾವ" ಎಂದಳು ಅಕ್ಕನ ಮಗಳು.

"ನಾನಿಲ್ಲದಿದ್ರೆ ಅವಳು ಯಾರ ಜೊತೆ ಮಾತಾಡ್ತಾಳೆ? ಮೆಷಿನ್ ಜೊತೆನಾ?"

ಅದು ನಿಜವಾಗಿತ್ತು. ಮಗಳ ಎದುರಿಗೆ ಅಕ್ಕ ಧೈರ್ಯದ ಮಾತನ್ನಷ್ಟೇ ಆಡುತ್ತಾಳೆ. ಕೊನೆಗೆ ಉಪಾಯ ಮಾಡಿದವಳು ಅಕ್ಕನೇ. ಸೂಜಿ ಚುಚ್ಚಿಡುವ ಮೆತ್ತೆಯಿಂದ ಆರು ಗುಂಡುಸೂಜಿ ಕಿತ್ತು ನನ್ನ ಕೈಗಿಟ್ಟಳು. "ತುಟಿಗೆ ಕಚ್ಚಿಕೋ. ನಾನು ಅಂಚು ಹಿಡಿಯುವಾಗ ಹೀಗೇ ಇರ್ತೀನಲ್ಲ. ಬಾಯಿ ಬಿಟ್ರೆ ನುಂಗ್ತೀಯ, ಅಷ್ಟೇ."

ಗುಂಡುಸೂಜಿ ಕಚ್ಚಿಕೊಂಡು ಕುಳಿತೆ. ಅಕ್ಕ ಒಂದು ಕೋಟಿನ ಕಾಲರಿನ ಹೊಲಿಗೆ ಬಿಚ್ಚುತ್ತಾ ಮಾತಾಡಿದಳು.

ಮೊದಲು ಬಟ್ಟೆಯ ಮಾತು. ಈ ಕೋಟಿನವರು ದಪ್ಪಗಾಗಿದ್ದಾರೆ, ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಅದಕ್ಕೇ ಬಟ್ಟೆ ಕುಗ್ಗಿದೆ ಅಂತ ಹೇಳಿದೆ. ಆಮೇಲೆ ನಮ್ಮಮ್ಮನ ಮಾತು. ಅಮ್ಮ ಸೂಜಿಗೆ ದಾರ ಪೋಣಿಸುವಾಗ ನಾಲಿಗೆ ಹೊರಗೆ ಹಾಕುತ್ತಿದ್ದಳಂತೆ. ನನಗೆ ನೆನಪೇ ಇರಲಿಲ್ಲ. ನೆನಪಿದೆ ಎಂದು ಹೇಳಲು ಹೋದೆ, ಸೂಜಿ ಚುಚ್ಚಿತು.

ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಯಾವತ್ತೂ ಆ ಸುಮ್ಮನಿರುವ ಜಾಗದಲ್ಲಿ ನಾನು ಮಾತಾಡಿಬಿಡುತ್ತಿದ್ದೆ. ಇವತ್ತು ಅದು ಖಾಲಿ ಇತ್ತು, ಅದರಿಂದ ಅವಳೇ ಮುಂದುವರಿಸಿದಳು.

"ಆಪರೇಷನ್ನಿಗೆ ನನಗೆ ಭಯ ಇಲ್ಲ ಕಣೋ. ಕತ್ತರಿಸೋದು, ಹೊಲಿಯೋದು, ನಾನೂ ಮಾಡೋ ಕೆಲಸವೇ. ಆಮೇಲಿಂದು ಭಯ. ಅಂಗಡಿಗೆ ಬಂದವರು ನನ್ನನ್ನ ನೋಡ್ತಾರೆ, ನಾನು ಟೈಪು ಮಾಡೋಕೆ ಹೊತ್ತಾಗುತ್ತೆ. ಪಾಪ ಅಂತ ನಿನ್ನ ಕಡೆ ತಿರುಗ್ತಾರೆ. ನೀನು ಹೇಳ್ತೀಯ. ನಿನಗೇನು, ಬಾಯಿದ್ದವನು. ಒಂದು ದಿನ, ಎರಡು ದಿನ. ಆಮೇಲೆ ಅವರು ನಿನ್ನನ್ನೇ ಕೇಳ್ತಾರೆ. ನಾನು ಇಲ್ಲೇ ಕೂತಿರ್ತೀನಿ, ಇಸ್ತ್ರಿಪೆಟ್ಟಿಗೆ ಥರ."

ಹಾಗೇನೂ ಆಗುವುದಿಲ್ಲ ಎಂದು ಹೇಳಬೇಕಿತ್ತು. ಗುಂಡುಸೂಜಿಗಳಿದ್ದವು.

ಅವಳು ಮೂಗು ಒರೆಸಿಕೊಂಡು, "ಸಾಕಾಯ್ತಾ ನಿನ್ನ ಸಂತೆಗೆ?" ಎಂದಳು. ಸಾಕಾಗಿಲ್ಲ ಎಂದು ತಲೆಯಾಡಿಸಿದೆ. ಮತ್ತೆ ಮಾತಾಡಿದಳು. ನಕ್ಕಳು, ರೇಗಿದಳು, ಗಿರಾಕಿಯೊಬ್ಬರ ನಡಿಗೆಯನ್ನು ಅಣಕಿಸಿದಳು, ಸಂಜೆಗೆ ಬ್ರೆಡ್ಡು ತರಬೇಕೆಂದಳು. ಬ್ರೆಡ್ಡು ಅನ್ನುವಾಗ ಅವಳ ಧ್ವನಿ ಒಂದು ಮೆಟ್ಟಿಲು ಇಳಿಯುತ್ತದೆ. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಕೆಲಸ ಮಾಡಿ ಇದನ್ನು ಗಮನಿಸಿರಲಿಲ್ಲ. ಹೊಸದಾಗಿ ಬಂದಿರಬೇಕು.

ಜೂನ್ ೧೭, ಮಂಗಳವಾರ

ಬೆಳಗ್ಗೆಯೂ ಮಾತಾಡಿದಳು. ಸಂತೆ ಬಿಸಿಯಾಗಿ ಎರಡು ಸಲ ನಿಂತಿತು. ಎರಡು ಸಲವೂ ಬ್ಯಾಟರಿ ತೆಗೆದು ಹಾಕಿದೆ. ಅಕ್ಕನ ಮಗಳು ಎಲ್ಲವನ್ನೂ ಕೇಳಿ, "ಮಾವ, ನೀನು ಇದ್ರಲ್ಲಿ ಇಲ್ವೇ ಇಲ್ಲ!" ಎಂದಳು. ಹೊಗಳಿದಳೋ ಬೈದಳೋ ತಿಳಿಯಲಿಲ್ಲ.

ಫೋನ್ ಅಂಗಡಿಯವನಿಗೆ ದೊರೆಯನ್ನು ವಾಪಸು ಕೊಟ್ಟೆ. ಕೊಡುವಾಗ ಒಂದು ಸಲ ಕೈಯಲ್ಲಿಟ್ಟು ನೋಡಿದೆ. ಎಷ್ಟು ಚಂದ. ನಾವು ಮಾಡಿದ್ದು ತಪ್ಪಾದರೆ? ಅದರ ಸ್ಪೀಕರು ಗಂಟೆಯ ಹಾಗೆ, ಇದರದು ಡಬ್ಬದ ಹಾಗೆ. ಅಕ್ಕನನ್ನು ಡಬ್ಬಕ್ಕೆ ಹಾಕಿಬಿಟ್ಟೆನೇ?

ಜೂನ್ ೧೯, ಗುರುವಾರ

ಒಳಗೆ ಕರೆದುಕೊಂಡು ಹೋಗುವಾಗ ಗಾಲಿಮಂಚದ ಮೇಲೆ ಮಲಗಿ, "ಕಪ್ಪು ದಾರ ಮುಗಿದಿದೆ, ತಂದಿಡು" ಎಂದಳು.

ತಂದಿಟ್ಟೆ.

ಜೂನ್ ೨೪, ಮಂಗಳವಾರ

ಕುತ್ತಿಗೆಯಲ್ಲಿ ಉಸಿರಿಗೆ ತೂತು ಮಾಡಿದ್ದಾರೆ. ಎಲ್ಲ ಸರಿಯಾಗಿದೆ ಎಂದರು ಡಾಕ್ಟರು. ಅಕ್ಕನ ಧ್ವನಿ ಕಲಿತು ಕೂತಿರುವ ಸಂತೆಯನ್ನು ಇನ್ನೂ ಕೊಟ್ಟಿಲ್ಲ. ಅಕ್ಕ ಬೇಡ ಎಂದು ಕೈ ಅಲ್ಲಾಡಿಸುತ್ತಾಳೆ. ಮಾತಿನ ಡಾಕ್ಟರಮ್ಮ, "ಅವರಿಗೆ ಬೇಕು ಅನಿಸಿದಾಗ ಕೇಳ್ತಾರೆ, ನೀವು ಅವಸರ ಮಾಡ್ಬೇಡಿ" ಎಂದರು. ನಾನು ಯಾವ ಅವಸರ ಮಾಡಿದೆ? ಪಕ್ಕದಲ್ಲಿ ಕುಳಿತಿದ್ದೆ ಅಷ್ಟೆ.

ಜುಲೈ ೭, ಸೋಮವಾರ

ಅಂಗಡಿ ತೆರೆದೆವು. ಅಕ್ಕ ಕುತ್ತಿಗೆಗೆ ತೆಳುವಾದ ಬಟ್ಟೆ ಕಟ್ಟಿಕೊಂಡು ತನ್ನ ಜಾಗದಲ್ಲಿ ಕುಳಿತಳು. ಸಂತೆ ಅವಳ ಪಕ್ಕದಲ್ಲಿ. ಮನೆಯಲ್ಲಿ ಒಂದು ಸಲವೂ ಮುಟ್ಟಿರಲಿಲ್ಲ, ಚೀಟಿಯಲ್ಲೇ ಕಾಲ ಹಾಕಿದ್ದಳು.

ಮೊದಲ ಗಿರಾಕಿ ಉದ್ದ ಲಂಗದ ಹೆಂಗಸು. ಹಾಕಿಕೊಂಡು ಕನ್ನಡಿಯ ಮುಂದೆ ನಿಂತು, "ನೆಲಕ್ಕೆ ತಾಗುತ್ತೆ, ಎಷ್ಟು ಮೊಟಕು ಮಾಡ್ತೀರಾ?" ಎಂದು ಅಕ್ಕನನ್ನು ಕೇಳಿದರು. ಅಕ್ಕ ಫೋನು ತೆಗೆದುಕೊಂಡು ಟೈಪು ಮಾಡಲು ಶುರು ಮಾಡಿದಳು. ಒಂದೊಂದೇ ಅಕ್ಷರ. ತಪ್ಪಾಯಿತು, ಅಳಿಸಿದಳು. ಆ ಹೆಂಗಸಿನ ಮುಖದಲ್ಲಿ ಪಾಪ ಎನ್ನುವುದು ಬಂತು. ನನ್ನ ಕಡೆ ತಿರುಗಿದರು.

"ನೀವೇ ಹೇಳಿ, ಎರಡು ಬೆರಳು ಸಾಕಾ?"

ನನಗೆ ಉತ್ತರ ಗೊತ್ತಿತ್ತು. ಎದುರಿಗೆ ಒಂದು ಯಂತ್ರದ ತಳ ಬಿಚ್ಚಿಕೊಂಡಿತ್ತು. ಅದಕ್ಕೆ ಒಂದು ತಿರುಪು ಬಿಗಿದೆ. ಮತ್ತೊಂದು ಬಿಗಿದೆ.

"ನಿಮ್ಮನ್ನೇ ಕೇಳಿದ್ದು."

"ಅಕ್ಕ ಹೇಳ್ತಿದ್ದಾಳೆ" ಎಂದೆ.

ಗೋಡೆ ಗಡಿಯಾರದ ಸದ್ದು ಕೇಳುತ್ತಿತ್ತು. ಆ ಹೆಂಗಸು ಕಾಲು ಬದಲಾಯಿಸಿದರು. ಸಂತೆ ಸ್ವಲ್ಪ ಹೊತ್ತು ಯೋಚನೆ ಮಾಡುವ ಹಾಗೆ ನಿಂತಿತು. ಆಮೇಲೆ ಡಬ್ಬದೊಳಗಿನಿಂದ, ಸ್ವಲ್ಪ ಒಡೆದು, ಅಕ್ಕ ಮಾತಾಡಿದಳು.

"ಲಂಗ ಉದ್ದ ಇಲ್ಲಮ್ಮ. ನೀವು ಬರಿಗಾಲಲ್ಲಿ ನಿಂತಿದ್ದೀರಿ. ಚಪ್ಪಲಿ ಹಾಕ್ಕೊಂಡು ನಿಂತ್ಕೊಳ್ಳಿ, ಆಮೇಲೆ ನೋಡೋಣ."

ಆ ಹೆಂಗಸು ಬೆಚ್ಚಿದರು. ನಕ್ಕರು. ಚಪ್ಪಲಿ ಹಾಕಿಕೊಂಡು ಬಂದು ಅಕ್ಕನ ಎದುರಿಗೆ ನಿಂತು, "ಈಗ?" ಎಂದರು. ಅಕ್ಕ ಟೈಪು ಮಾಡಿದಳು. ಅವರು ಕಾದರು. ಹೋಗುವವರೆಗೂ ನನ್ನ ಕಡೆ ತಿರುಗಲಿಲ್ಲ. ನನ್ನ ಒಂದು ಸಲಹೆಯೂ ಇಲ್ಲದೆ ಹೋದ ಗಿರಾಕಿ ಈ ಅಂಗಡಿಯಲ್ಲಿ ಇವರೇ ಮೊದಲು.

ಮಧ್ಯಾಹ್ನ ಫೋನ್ ಅಂಗಡಿಯವನು ಬಂದ. "ಹೇಗಿದೆ? ಕೊನೆಗೂ ಯಾವುದು ಮೇಲು ಅಂತ ಗೊತ್ತಾಯ್ತಾ?" ಎಂದ. ನಿಜ ಹೇಳಬೇಕೆಂದರೆ ನನಗೆ ಇನ್ನೂ ಗೊತ್ತಿಲ್ಲ. ದೊರೆಯ ಗಂಟೆಯಂಥ ಸ್ಪೀಕರಿನಲ್ಲಿ ಇದೇ ಮಾತು ಬಂದಿದ್ದರೆ ಎಂದು ಆಸೆಯಾಗುತ್ತದೆ. ಆದರೆ ಆ ಸ್ಪೀಕರಿನಲ್ಲಿ ಇದೇ ಮಾತು ಬರುತ್ತಿರಲಿಲ್ಲ. ಇದನ್ನು ಅವನಿಗೆ ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಅವನು ಹೊರಟೇಹೋದ.

ಸಂಜೆ ಬಾಗಿಲು ಹಾಕುವ ಹೊತ್ತಿಗೆ ಅಕ್ಕ ನನ್ನ ಕಡೆ ನೋಡುತ್ತಾ ತುಂಬ ಹೊತ್ತು ಟೈಪು ಮಾಡಿದಳು. ಕಸ ಗುಡಿಸುವುದನ್ನು ನಿಲ್ಲಿಸಿ ಕಾದೆ.

"ಯಾಕೋ, ಬೆಳಗ್ಗೆಯಿಂದ ಬಾಯೇ ಬಿಟ್ಟಿಲ್ಲ? ಮೈ ಹುಷಾರಿಲ್ವಾ? ಜ್ವರಾನಾ?"

ಜ್ವರವೂ ಇಲ್ಲ, ಏನೂ ಇಲ್ಲ. ಇವಳಿಗೆ ಏನೇನೋ ಅನುಮಾನ. ಜ್ವರಾನಾ ಎನ್ನುವಾಗ ಧ್ವನಿ ಏರಿತೋ ಇಲ್ಲವೋ ಸರಿಯಾಗಿ ಕೇಳಿಸಿರಲಿಲ್ಲ, ಅಷ್ಟೆ. ಪೊರಕೆ ಗೋಡೆಗೆ ಒರಗಿಸಿ ಹತ್ತಿರ ಹೋದೆ.

"ಇನ್ನೊಂದ್ಸಲ ಹೇಳಕ್ಕ" ಎಂದೆ.

ಹೇಳಿದಳು.